ಸಹಿ ಹಾಕಿದವರು ಇವರು, ಬರೆದವರು ಯಾರು? ವಿದೇಶಾಂಗ ನೀತಿಯ ಬಗ್ಗೆ ಒಂದು ಪ್ರಶ್ನೆ

ಪಾಠದಮನೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಪ್ಪಂದಗಳ ಪಾಠ ನಡೆಯುತ್ತಿತ್ತು. ಇಬ್ಬರು ನಾಯಕರು ಮೇಜಿನ ಮುಂದೆ ಕೂತು ಸಹಿ ಹಾಕುವ ಚಿತ್ರ ಪುಸ್ತಕದಲ್ಲಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಸಹಿ ಹಾಕಿದವರು ಇವರು. ಬರೆದವರು ಯಾರು?"

"ಅಧಿಕಾರಿಗಳು" ಅಂದೆ. ಅವಳು ಬಿಡಲಿಲ್ಲ. "ಏನು ಬರೀಬೇಕು ಅಂತ ಅವರಿಗೆ ಹೇಳಿದವರು ಯಾರು?" ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಒಂದು ದೇಶದ ವಿದೇಶಾಂಗ ನೀತಿಗೆ ನಿಜಕ್ಕೂ ರೂಪ ಕೊಡುವವರು ಯಾರು? ನಾಯಕರೇ? ಸಚಿವಾಲಯವೇ? ಸೇನೆಯೇ? ದೊಡ್ಡ ಕಂಪನಿಗಳೇ? ಜನರೇ? "ಸರ್ಕಾರ" ಅನ್ನುವ ಒಂದು ಪದ ಕೊಟ್ಟು ಅವಳನ್ನು ಕೂರಿಸಲು ನನಗೆ ಮನಸ್ಸಿಲ್ಲ. ಯಾವ ದೇಶದ ಉದಾಹರಣೆಯಾದರೂ ಸರಿ. ಆದರೆ ನಿಜವಾಗಿ ನಡೆದದ್ದು ಬೇಕು. "ಎಲ್ಲಾ ದೊಡ್ಡವರ ಆಟ" ಅನ್ನುವ ಮಾತು ಬೇಡ.

ಅಲೆಮಾರಿ

ಮೇಡಂ, ನನ್ನ ಉತ್ತರ ನೇರ. ನಾಯಕ.

1977ರ ನವೆಂಬರ್ ನೆನಪಿಸಿಕೊಳ್ಳಿ. ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಜೆರುಸಲೇಮಿಗೆ ಹೋದರು. ನಾಲ್ಕು ವರ್ಷದ ಹಿಂದೆಯಷ್ಟೇ ಇಸ್ರೇಲ್ ಜೊತೆ ಯುದ್ಧ ಮಾಡಿದ್ದ ದೇಶ ಅವರದು. ಅವರ ವಿದೇಶಾಂಗ ಸಚಿವ ಇಸ್ಮಾಯಿಲ್ ಫಹ್ಮಿ ರಾಜೀನಾಮೆ ಕೊಟ್ಟರು. ಮರುವರ್ಷ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಮಾತುಕತೆ ನಡೆಯಿತು. ಅಲ್ಲಿ ಮುಂದಿನ ವಿದೇಶಾಂಗ ಸಚಿವರೂ ರಾಜೀನಾಮೆ ಕೊಟ್ಟರು! 1979ರಲ್ಲಿ ಶಾಂತಿ ಒಪ್ಪಂದವಾದಾಗ ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟಿತು. ಮನೆಯವರೂ ಬೇಡ ಅಂದರು, ನೆರೆಯವರೂ ಬೇಡ ಅಂದರು. ಆದರೂ ಆಯಿತು.

ಇನ್ನೊಂದು, 1971ರ ಜುಲೈ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಪಾಕಿಸ್ತಾನಕ್ಕೆ ಹೋಗಿ, ಹೊಟ್ಟೆ ಸರಿಯಿಲ್ಲ ಎಂದು ನೆಪ ಹೇಳಿ, ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ತಮ್ಮದೇ ವಿದೇಶಾಂಗ ಇಲಾಖೆಯನ್ನು ದೂರ ಇಟ್ಟು ಮಾಡಿದ ಕೆಲಸ ಅದು. ಮರುವರ್ಷ ನಿಕ್ಸನ್ ಚೀನಾದಲ್ಲಿದ್ದರು. ಯಾವ ಅಧಿಕಾರಿಯ ಟಿಪ್ಪಣಿಯಿಂದಲೂ ಇಂಥದ್ದು ಹುಟ್ಟುವುದಿಲ್ಲ.

ಷರಾ

ಅಲೆಮಾರಿ ಅವರು ಹೇಳಿದ ಎರಡೂ ನಿಜ. ಆದರೆ ಅಂಥದ್ದು ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಉಳಿದ ದಿನ ಏನಾಗುತ್ತದೆ ಅಂತ ನಾನು ಸ್ವಲ್ಪ ಹೇಳಬಲ್ಲೆ.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ವ್ಯಾಪಾರ ಒಪ್ಪಂದಗಳ ಕಡತ ನೋಡಿಕೊಂಡು ನಿವೃತ್ತನಾದವನು. ಹೆಸರು ಬೇಡ. ಕರಡು ಮೊದಲು ಬರೆಯುವುದು ಕೆಳಗಿನ ಮೇಜಿನ ಯಾರೋ ಒಬ್ಬರು, ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಅದು ಕೃಷಿ, ಹಣಕಾಸು, ಕಾನೂನು, ರಕ್ಷಣೆ ಅಂತ ಮನೆ ಮನೆ ಸುತ್ತುತ್ತದೆ. ಪ್ರತಿ ಮನೆಯಲ್ಲೂ ಒಂದು ಷರಾ ಬೀಳುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ಕೃಷಿಯವರು ಸುಂಕ ಇಳಿಸಬೇಡಿ ಅನ್ನುತ್ತಾರೆ. ಕೈಗಾರಿಕೆಯವರು ಇಳಿಸಿ ಅನ್ನುತ್ತಾರೆ. ಮೇಲೆ ಹೋಗುವಾಗ ಟಿಪ್ಪಣಿಯಲ್ಲಿ ಮೂರು ದಾರಿ ಇರುತ್ತವೆ. ಮೊದಲನೆಯದು ಮಾಡಲಾಗದಷ್ಟು ಕಷ್ಟ. ಮೂರನೆಯದು ಏನೂ ಮಾಡದೆ ಇರುವುದು. ಸಚಿವರು ನಡುವಿನದಕ್ಕೆ ಟಿಕ್ ಹಾಕುತ್ತಾರೆ. ನಿರ್ಧಾರ ಅವರದೇ. ಆದರೆ ಆ ಮೂರು ದಾರಿಯನ್ನು ಹಾಕಿಕೊಟ್ಟವರು ಯಾರು? ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಹಲವು ದೇಶಗಳು ಸೇರಿದಾಗ ಇದು ಇನ್ನೂ ಜಾಸ್ತಿ. ಒಪ್ಪಿಗೆಯಾಗದ ಪದಗಳನ್ನು ಕರಡಿನಲ್ಲಿ ಚೌಕ ಕಂಸದೊಳಗೆ ಇಡುತ್ತಾರೆ. ಮಾತುಕತೆ ಅಂದರೆ ಬಹುಪಾಲು ರಾತ್ರಿಯಿಡೀ ಕೂತು ಆ ಕಂಸಗಳನ್ನು ಒಂದೊಂದಾಗಿ ತೆಗೆಯುವ ಕೆಲಸ.

2015ರ ಡಿಸೆಂಬರ್ 12ರ ಕಥೆಯನ್ನು ಖಂಡಿತ ಮಕ್ಕಳಿಗೆ ಹೇಳಿ. ಪ್ಯಾರಿಸ್ ಹವಾಮಾನ ಒಪ್ಪಂದದ ಕೊನೆಯ ದಿನ. ಮುಂದುವರಿದ ದೇಶಗಳು ಹೊಗೆ ತಗ್ಗಿಸುವ ಬಗ್ಗೆ ಇರುವ 4ನೇ ವಿಧಿಯ ಒಂದು ವಾಕ್ಯದಲ್ಲಿ ‘ಶಲ್’ ಅಂತ ಬಂದಿತ್ತು. ನಮ್ಮ ಕಾನೂನು ಕನ್ನಡದಲ್ಲಿ ‘ತಕ್ಕದ್ದು’ ಅನ್ನುತ್ತೇವಲ್ಲ, ಅದು. ಅಮೆರಿಕದವರು ಗಾಬರಿಯಾದರು. ಅದು ಕಡ್ಡಾಯವಲ್ಲದ ‘ಶುಡ್’ ಆಗಬೇಕು ಎಂದರು. ‘ತಕ್ಕದ್ದು’ ಉಳಿದರೆ ಒಪ್ಪಂದವನ್ನು ತಮ್ಮ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮುಂದೆ ಒಯ್ಯಬೇಕಾಗುತ್ತದೆ, ಅಲ್ಲಿ ಅದು ಬಿದ್ದುಹೋಗುತ್ತದೆ ಅನ್ನುವ ಭಯ. ಕೊನೆಗೆ ಅಚ್ಚಿನ ತಪ್ಪು ತಿದ್ದಿದಂತೆ ಆ ಪದವನ್ನು ತಿದ್ದಿ ಓದಿದರು. ಒಪ್ಪಂದ ಅಂಗೀಕಾರವಾಯಿತು.

ಈಗ ಹೇಳಿ, ಆ ‘ಶುಡ್’ ಬರೆದವರು ಯಾರು? ಅಮೆರಿಕದ ಸೆನೆಟ್ ಆ ಕೋಣೆಯಲ್ಲಿ ಇರಲೇ ಇಲ್ಲ.

ಕಡಲಾಚೆ

ಷರಾ ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ಇದಕ್ಕೆ ಒಂದು ಹಳೆಯ ಜೋಡಿ ಇದೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ತಾವೇ ಪ್ಯಾರಿಸ್‌ಗೆ ಹೋದರು. ತಿಂಗಳುಗಟ್ಟಲೆ ಕೂತು ವಿಶ್ವಸಂಸ್ಥೆಗೂ ಮೊದಲಿನ ದೇಶಗಳ ಕೂಟ ಲೀಗ್ ಆಫ್ ನೇಷನ್ಸ್ ಕಟ್ಟಿದರು. ಆದರೆ ವಿರೋಧ ಪಕ್ಷದ ಒಬ್ಬ ಸೆನೆಟರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಸೆನೆಟ್‌ನಲ್ಲಿ ಮೂರನೇ ಎರಡು ಪಾಲು ಮತ ಬೇಕಿತ್ತು. 1919ರ ನವೆಂಬರಿನಲ್ಲಿ ಬಿತ್ತು. 1920ರ ಮಾರ್ಚಿನಲ್ಲಿ 49 ಮತ ಪರ, 35 ವಿರುದ್ಧ. 7 ಮತ ಸಾಲಲಿಲ್ಲ. ಲೀಗ್ ಕಟ್ಟಿದವರ ದೇಶವೇ ಲೀಗ್ ಸೇರಲಿಲ್ಲ.

ಮನೆ ಗೆದ್ದು ಮಾರು ಗೆಲ್ಲು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ. ವಿಲ್ಸನ್ ಮಾರು ಗೆದ್ದು ಮನೆಗೆ ಬಂದರು. 2015ರಲ್ಲಿ ಪ್ಯಾರಿಸ್‌ಗೆ ಹೋದವರಿಗೆ ಆ ಪಾಠ ಗೊತ್ತಿತ್ತು.

ಹತ್ತಿಹೂವು

ಕಂಪನಿಗಳನ್ನು ಯಾಕೆ ಯಾರೂ ಎತ್ತುತ್ತಿಲ್ಲ? ಗ್ವಾಟೆಮಾಲಾ, 1954. ಅಧ್ಯಕ್ಷ ಅರ್ಬೆನ್ಸ್ ಪಾಳುಬಿದ್ದ ಜಮೀನನ್ನು ಬಡವರಿಗೆ ಹಂಚಿದರು. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಜಮೀನೂ ಹೋಯಿತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್ ಮೊದಲು ಕೆಲಸ ಮಾಡಿದ್ದ ವಕೀಲರ ಸಂಸ್ಥೆ ಆ ಕಂಪನಿಯ ಕೆಲಸ ಮಾಡಿತ್ತು. ಅವರ ತಮ್ಮ ಅಲೆನ್ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ಮುಖ್ಯಸ್ಥ. ಸಿಐಎ ಬೆಂಬಲದಿಂದ ಅರ್ಬೆನ್ಸ್ ಸರ್ಕಾರ ಬಿತ್ತು. ಇಷ್ಟು ಸ್ಪಷ್ಟ ಉದಾಹರಣೆ ಇನ್ನೆಲ್ಲಿದೆ?

ಕಡಲಾಚೆ

ಅಷ್ಟು ಸ್ಪಷ್ಟ ಅಲ್ಲ ಮೇಡಂ. ಅದೇ 1954ರಲ್ಲಿ, ಅರ್ಬೆನ್ಸ್ ಬಿದ್ದ ಮೇಲೆ, ಅಮೆರಿಕದ ನ್ಯಾಯ ಇಲಾಖೆ ಅದೇ ಯುನೈಟೆಡ್ ಫ್ರೂಟ್ ಮೇಲೆ ಏಕಸ್ವಾಮ್ಯದ ಕೇಸು ಹಾಕಿತು. ಕಂಪನಿಯ ಕೈಗೊಂಬೆ ಸರ್ಕಾರ ಹಾಗೆ ಮಾಡುತ್ತಿತ್ತಾ?

ಇರಾನ್ ನೋಡಿ. 1951ರಲ್ಲಿ ಅಲ್ಲಿನ ಪ್ರಧಾನಿ ಮೊಸದ್ದೆಕ್ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. ನಷ್ಟ ಬ್ರಿಟಿಷ್ ಎಣ್ಣೆ ಕಂಪನಿಗೆ. ಅವರನ್ನು ಇಳಿಸಲು ಬ್ರಿಟನ್ ಅಮೆರಿಕದ ಸಹಾಯ ಕೇಳಿತು. ಅಧ್ಯಕ್ಷ ಟ್ರೂಮನ್ ಕಾಲದಲ್ಲಿ ಒಪ್ಪಿಗೆ ಸಿಗಲಿಲ್ಲ. ಐಸೆನ್‌ಹೋವರ್ ಬಂದರು, 1953ರ ಆಗಸ್ಟಿನಲ್ಲಿ ಮೊಸದ್ದೆಕ್ ಇಳಿದರು. ಕಂಪನಿ ಅದೇ, ಎಣ್ಣೆ ಅದೇ, ಕೋರಿಕೆಯೂ ಅದೇ. ಬದಲಾದದ್ದು ಕುರ್ಚಿಯಲ್ಲಿ ಕೂತವರು, ಮತ್ತು ಅವರ ತಲೆಯಲ್ಲಿದ್ದ ಕಮ್ಯುನಿಸಂ ಭಯ. ಕಂಪನಿ ಬಾಗಿಲು ತಟ್ಟುತ್ತದೆ. ಒಳಗಿನವರ ಭಯಕ್ಕೆ ಅದು ತಾಳೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ.

ಹತ್ತಿಹೂವು

ಒಪ್ಪುತ್ತೇನೆ, ಅರ್ಧ. ಬಡವರ ಜಮೀನಿನ ಕಷ್ಟ ತಟ್ಟಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಬಾಗಿಲವರೆಗೆ ಹೋಗುವ ದಾರಿ ಎಲ್ಲರಿಗೂ ಇರುವುದಿಲ್ಲ, ಅದೂ ಅಧಿಕಾರವೇ ಅಲ್ವಾ?

ಲೆಕ್ಕದಪುಸ್ತಕ

ಹಣಕಾಸು ಸಚಿವರನ್ನು ಮರೆಯಬೇಡಿ. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಅಕ್ಟೋಬರಿನಲ್ಲಿ ಪ್ಯಾರಿಸ್ ಹತ್ತಿರದ ಸೆವ್ರ್ ಎಂಬಲ್ಲಿ ಗುಟ್ಟಾಗಿ ಸೇರಿದವು. ಇಸ್ರೇಲ್ ದಾಳಿ ಮಾಡುವುದು, ಉಳಿದಿಬ್ಬರು ಜಗಳ ಬಿಡಿಸುವ ನೆಪದಲ್ಲಿ ಕಾಲುವೆಗೆ ನುಗ್ಗುವುದು, ಇದು ಲೆಕ್ಕ. ಬ್ರಿಟನ್ ಪರವಾಗಿ ಆ ಕಾಗದಕ್ಕೆ ಸಹಿ ಹಾಕಿದ್ದು ಒಬ್ಬ ಅಧಿಕಾರಿ. ಪ್ರಧಾನಿ ಈಡನ್ ಬ್ರಿಟನ್ನಿನ ಪ್ರತಿಯನ್ನೇ ನಾಶ ಮಾಡಿಸಿದರು. ಅವರ ವಿದೇಶಾಂಗ ಕಚೇರಿಯ ಬಹಳಷ್ಟು ಜನರಿಗೆ ಇದೆಲ್ಲ ಗೊತ್ತೇ ಇರಲಿಲ್ಲ. ಕಾನೂನು ಸಲಹೆಗಾರರು ಮೊದಲೇ ಇದು ಕಾನೂನಿಗೆ ವಿರುದ್ಧ ಎಂದಿದ್ದರು. ಅವರನ್ನು ದೂರ ಇಟ್ಟರು.

ಸೈನಿಕರು ಇಳಿದರು. ಅತ್ತ ಪೌಂಡ್ ಕುಸಿಯತೊಡಗಿತು. ಬ್ರಿಟನ್ ಸೇನೆ ಹಿಂದೆ ಸರಿಯುವವರೆಗೆ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಂಎಫ್‌ನಿಂದ ಹಣ ಸಿಗಲು ಅಮೆರಿಕ ಬಿಡಲಿಲ್ಲ. ಯುದ್ಧಕ್ಕೆ ಎಲ್ಲರಿಗಿಂತ ಹುರುಪು ತೋರಿದ್ದ ಹಣಕಾಸು ಸಚಿವ ಮ್ಯಾಕ್ಮಿಲನ್ ಅವರೇ ನಿಲ್ಲಿಸೋಣ ಎಂದರು. ನವೆಂಬರ್ 6ರ ನಡುರಾತ್ರಿ ಕದನ ವಿರಾಮ. ಜನವರಿಯಲ್ಲಿ ಈಡನ್ ರಾಜೀನಾಮೆ.

ಯುದ್ಧಭೂಮಿಯಲ್ಲಿ ಸೋಲಲಿಲ್ಲ. ಸೋತದ್ದು ಖಜಾನೆಯಲ್ಲಿ. ನನ್ನ ಉತ್ತರ ಇಷ್ಟೇ: ಸಾಲ ಕೊಟ್ಟವರು ನಿಮ್ಮ ನೀತಿಯಲ್ಲಿ ಪಾಲುದಾರರು.

ನದಿದಂಡೆ

ಅಲೆಮಾರಿ ಅವರ ಕಿಸಿಂಜರ್ ಕಥೆಗೆ ವಾಪಸ್ ಬರುತ್ತೇನೆ. ಅದನ್ನು ಹಾಗೆ ಬಿಡಲು ನನಗೆ ಆಗುತ್ತಿಲ್ಲ.

ಅದೇ 1971. ಮಾರ್ಚ್ ಕೊನೆಯಲ್ಲಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಹತ್ಯಾಕಾಂಡ ಶುರುವಾಯಿತು. ಅಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ದಿನವೂ ವರದಿ ಕಳಿಸಿದರು. ಏಪ್ರಿಲ್ 6ರಂದು ಆ ಕಚೇರಿಯಿಂದ ಒಂದು ತಂತಿ ಹೋಯಿತು. ನಮ್ಮ ಸರ್ಕಾರದ ನೀತಿ ತಪ್ಪು ಎಂದು ನೇರವಾಗಿ ಹೇಳುವ ತಂತಿ. 20 ಜನ ಸಹಿ ಹಾಕಿದ್ದರು. ನೀತಿ ಬದಲಾಗಲಿಲ್ಲ. ಬ್ಲಡ್ ಅವರನ್ನೇ ಅಲ್ಲಿಂದ ವಾಪಸ್ ಕರೆಸಿಕೊಂಡರು.

ಯಾಕೆ ಕೇಳಿಸಿಕೊಳ್ಳಲಿಲ್ಲ? ಬೀಜಿಂಗ್‌ಗೆ ಗುಟ್ಟಿನ ದಾರಿ ಹೋಗುತ್ತಿದ್ದದ್ದು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೂಲಕ. ಅದು ಒಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ. ತಂತಿಗೆ ಸಹಿ ಹಾಕಿದ ಆ 20 ಜನರಿಗೆ ಆ ದಾರಿಯ ವಿಷಯ ಗೊತ್ತಿರಲಿಲ್ಲ. ಎದುರು ವಾದ ಏನು ಅಂತಲೇ ತಿಳಿಯದೆ ವಾದ ಮಾಡುತ್ತಿದ್ದರು.

ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಸತ್ಯ ಬರೆದವರು ಇದ್ದರು. ಬರೆದದ್ದು ಮೇಜಿಗೂ ಮುಟ್ಟಿತು. ಆದರೆ ಆಯ್ಕೆ ಬೇರೆ ಕೋಣೆಯಲ್ಲಿ ಆಗಿಹೋಗಿತ್ತು.

ಅಲೆಮಾರಿ

ನದಿದಂಡೆ ಅವರೇ, ನಿಜ. ಆ ಎರಡು ಕಥೆಗಳನ್ನು ನಾನು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಕೋಟೆಬಾಗಿಲು

ಸೇನೆಯ ಬಗ್ಗೆ ಒಂದೇ ಘಟನೆ ಹೇಳಿ ಹೋಗುತ್ತೇನೆ. 1931ರ ಸೆಪ್ಟೆಂಬರ್ 18. ಚೀನಾದ ಮಂಚೂರಿಯಾದಲ್ಲಿದ್ದ ಜಪಾನಿನ ಕ್ವಾಂಟುಂಗ್ ಸೇನೆಯ ಕೆಲವು ಅಧಿಕಾರಿಗಳು ರೈಲು ಹಳಿಯ ಪಕ್ಕ ಸ್ಫೋಟ ಮಾಡಿಸಿ ಚೀನಿಯರ ಮೇಲೆ ಹಾಕಿದರು. ಅದೇ ನೆಪದಲ್ಲಿ ದಾಳಿ ಶುರು. ಟೋಕಿಯೋದ ಸಂಪುಟ ಇದನ್ನು ಬೆಳೆಸಬೇಡಿ ಎಂದಿತು. ಸೇನೆ ಮುಂದುವರಿಯಿತು. ಡಿಸೆಂಬರಿನಲ್ಲಿ ಸಂಪುಟವೇ ಬಿತ್ತು. 1933ರಲ್ಲಿ ಜಪಾನ್ ಲೀಗ್ ಆಫ್ ನೇಷನ್ಸ್ ಬಿಟ್ಟು ಹೊರಡುವುದಾಗಿ ಹೇಳಿತು. ಇದರ ಹಿಂದೆ ಇದ್ದವರು ದೊಡ್ಡ ಜನರಲ್‌ಗಳಲ್ಲ. ಕರ್ನಲ್ ಮಟ್ಟದವರು.

ಉತ್ತರದಗಾಳಿ

ಜನರ ವಿಷಯಕ್ಕೆ ಬರೋಣ. ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನಾರ್ವೆ ಇಷ್ಟವಾಗುತ್ತದೆ. 1972ರ ಜನವರಿಯಲ್ಲಿ ನಾರ್ವೆ ಸರ್ಕಾರ ಯುರೋಪಿಯನ್ ಸಮುದಾಯ (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಸೇರುವ ಒಪ್ಪಂದಕ್ಕೆ ಸಹಿ ಹಾಕಿತು. ಸೆಪ್ಟೆಂಬರಿನಲ್ಲಿ ಜನಮತ ಕೇಳಿದರು. 53.5% ಬೇಡ ಎಂದರು. ಪ್ರಧಾನಿ ರಾಜೀನಾಮೆ ಕೊಟ್ಟರು. 1994ರಲ್ಲಿ ಮತ್ತೆ ಸಹಿ, ಮತ್ತೆ ಜನಮತ. 52.2% ಬೇಡ. ಎರಡು ಸಲ ಸಹಿ ಆದರೂ ನಾರ್ವೆ ಇವತ್ತಿಗೂ ಹೊರಗೇ ಇದೆ.

ಫಿನ್ಲೆಂಡ್ ಇದಕ್ಕೆ ತಿರುಗುಮುರುಗು. ರಷ್ಯಾ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿ. ದಶಕಗಟ್ಟಲೆ ಯಾವ ಮಿಲಿಟರಿ ಕೂಟಕ್ಕೂ ಸೇರದೆ ಇದ್ದರು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾದ ಮೇಲೆ ಕೆಲವೇ ವಾರದಲ್ಲಿ ಜನರ ಮನಸ್ಸು ತಿರುಗಿತು. ನಾಯಕರು ಹಿಂದೆ ಬಂದರು. ಅಮೆರಿಕ, ಯುರೋಪಿನ ದೇಶಗಳ ಮಿಲಿಟರಿ ಕೂಟವಾದ ನೇಟೋ ಸೇರಲು ಮೇ ತಿಂಗಳಲ್ಲಿ ಸಂಸತ್ತಿನಲ್ಲಿ 188 ಪರ, 8 ವಿರುದ್ಧ. ಆದರೂ ತಕ್ಷಣ ಆಗಲಿಲ್ಲ. ತುರ್ಕಿ ಮತ್ತು ಹಂಗೆರಿಯ ಸಂಸತ್ತುಗಳು ಒಪ್ಪುವವರೆಗೆ ಕಾಯಬೇಕಾಯಿತು. ನೇಟೋ ಸೇರಿದ್ದು 2023ರ ಏಪ್ರಿಲ್ 4ಕ್ಕೆ. ಸ್ವೀಡನ್ ಇನ್ನೂ ಸುಮಾರು ಒಂದು ವರ್ಷ ಕಾಯಿತು. ನಿಮ್ಮ ನೀತಿಗೆ ಬೇರೆ ದೇಶದ ಸಂಸದರು ಕೈ ಎತ್ತಬೇಕು!

ಹತ್ತಿಹೂವು

ಜನರ ಮಾತು ಅಷ್ಟು ಸುಲಭವಾಗಿ ನಡೆಯುತ್ತದಾ? 2003ರ ಫೆಬ್ರವರಿ 15ರಂದು ಲಂಡನ್ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಇರಾಕ್ ಯುದ್ಧ ಬೇಡ ಎಂದು ನಡೆದರು. ಮಾರ್ಚ್ 18ರಂದು ಅವರದೇ ಸಂಸತ್ತು 412ಕ್ಕೆ 149 ಮತದಿಂದ ಯುದ್ಧಕ್ಕೆ ಒಪ್ಪಿತು. ಆ ಮೆರವಣಿಗೆಯಲ್ಲಿದ್ದವರ ಕೈಯಲ್ಲಿ ಏನಿತ್ತು?

ಉತ್ತರದಗಾಳಿ

ಅದೇ ತಿಂಗಳು ತುರ್ಕಿ ನೋಡಿ. ಇರಾಕಿಗೆ ಉತ್ತರದಿಂದ ನುಗ್ಗಲು 60,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿಗೆ ದಾರಿ ಬೇಕಿತ್ತು. ಆಳುವ ಪಕ್ಷಕ್ಕೆ ದೊಡ್ಡ ಬಹುಮತವಿತ್ತು. ಮಾರ್ಚ್ 1ರಂದು ಮತ ಹಾಕಿದರು. ಹೊರಗೆ ಬೀದಿಯಲ್ಲಿ ಜನ. ಸಂಸತ್ತು ತಿರಸ್ಕರಿಸಿತು. ಹಡಗುಗಳು ಕಡಲಲ್ಲೇ ಉಳಿದವು.

ಷರಾ

ಸಣ್ಣ ತಿದ್ದುಪಡಿ. ಪರವಾಗಿ ಬಿದ್ದ ಮತಗಳೇ ಜಾಸ್ತಿ. 264 ಪರ, 250 ವಿರುದ್ಧ, 19 ತಟಸ್ಥ. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು ಅನ್ನುವ ನಿಯಮ ಇತ್ತು. 3 ಮತ ಸಾಲಲಿಲ್ಲ. ಹಾಗಾಗಿ ಪೂರ್ತಿ ಜನಶಕ್ತಿಗೆ ಬರೆಯಬೇಡಿ. ಆ ನಿಯಮ ಎಂದೋ ಬರೆದಿಟ್ಟವರಿಗೂ ಒಂದು ಪಾಲು ಕೊಡಿ.

ಕಡಲಾಚೆ

ಹತ್ತಿಹೂವು ಅವರ ಪ್ರಶ್ನೆಗೆ ನನ್ನದೊಂದು ಉತ್ತರ. ಆ ಮೆರವಣಿಗೆ ತಡವಾಗಿ ಮುಟ್ಟಿತು. 2013ರ ಆಗಸ್ಟ್ 29ರಂದು ಸಿರಿಯಾ ಮೇಲೆ ದಾಳಿಯ ಮಾತು ಬಂದಾಗ ಅದೇ ಬ್ರಿಟಿಷ್ ಸಂಸತ್ತು 285ಕ್ಕೆ 272ರಿಂದ ಬೇಡ ಎಂದಿತು. ಚರ್ಚೆಯ ತುಂಬ ಇರಾಕ್ ನೆನಪೇ. ಎರಡು ದಿನ ಬಿಟ್ಟು ಅಮೆರಿಕದ ಅಧ್ಯಕ್ಷ ಒಬಾಮ ಕೂಡ ತಮ್ಮ ಸಂಸತ್ತಾದ ಕಾಂಗ್ರೆಸ್ಸನ್ನು ಕೇಳುತ್ತೇನೆ ಎಂದರು.

ಹತ್ತಿಹೂವು

ಇರಾಕಿನಲ್ಲಿ ಸತ್ತವರಿಗೆ ಅದರಿಂದ ಏನೂ ಆಗಲಿಲ್ಲ. ಆದರೂ ಇದು ನನಗೆ ಹೊಸದು. ಧನ್ಯವಾದ.

ಪಾಠದಮನೆ

ಎಲ್ಲವನ್ನೂ ಎರಡು ಸಲ ಓದಿದೆ. ಒಂದು ವಿಷಯ ಹೊಳೆಯುತ್ತಿದೆ, ತಪ್ಪಿದ್ದರೆ ತಿದ್ದಿ.

ನಾನು ಇಷ್ಟು ದಿನ ಕೋಣೆಯ ಒಳಗೆ ಯಾರಿದ್ದಾರೆ ಅಂತ ಹುಡುಕುತ್ತಿದ್ದೆ. ನೀವು ಕೊಟ್ಟ ಕಥೆಗಳಲ್ಲಿ ಜಾಸ್ತಿ ಕೆಲಸ ಮಾಡಿದವರು ಕೋಣೆಯಲ್ಲಿ ಇಲ್ಲದವರು. ಪ್ಯಾರಿಸ್‌ನಲ್ಲಿ ಸೆನೆಟ್ ಇರಲಿಲ್ಲ, ಪದ ಬದಲಾಯಿತು. ಸೆವ್ರ್‌ನಲ್ಲಿ ಸಾಲ ಕೊಡುವವರು ಇರಲಿಲ್ಲ, ಸೇನೆ ವಾಪಸ್ ಬಂತು. ಸಹಿ ಹಾಕುವಾಗ ನಾರ್ವೆಯ ಮತದಾರರು ಇರಲಿಲ್ಲ. "ನಾಳೆ ಬೇಡ ಅನ್ನಬಲ್ಲವರು ಯಾರು?" ಅನ್ನುವ ಲೆಕ್ಕ ಬರೆಯುವವರ ತಲೆಯಲ್ಲಿ ಮೊದಲೇ ಇರುತ್ತದೆ. ಆ ಲೆಕ್ಕ ತಪ್ಪಿದಾಗ ವಿಲ್ಸನ್‌ಗೆ, ಈಡನ್‌ಗೆ ಆದ ಹಾಗೆ ಆಗುತ್ತದೆ. ಢಾಕಾದಲ್ಲಿ ಸಾಯುತ್ತಿದ್ದವರಿಗೆ ಬೇಡ ಅನ್ನುವ ಶಕ್ತಿ ಇರಲಿಲ್ಲ. ಅವರ ಪರವಾಗಿ ಬರೆದ 20 ಜನರಿಗೂ ಇರಲಿಲ್ಲ.

ಅಲೆಮಾರಿ

ಮೇಡಂ, ಮುಕ್ಕಾಲು ಒಪ್ಪುತ್ತೇನೆ. ಕಾಲು ಭಾಗ ಸಾದತ್‌ಗೆ ಉಳಿಸಿಕೊಳ್ಳುತ್ತೇನೆ. ಬೇಡ ಅನ್ನುವವರ ಲೆಕ್ಕ ಹಾಕಿದ್ದರೆ ಅವರು ಆ ವಿಮಾನ ಹತ್ತುತ್ತಲೇ ಇರಲಿಲ್ಲ. 1981ರಲ್ಲಿ ಅವರ ಹತ್ಯೆಯಾಯಿತು. ಒಪ್ಪಂದ ಮಾತ್ರ ಉಳಿಯಿತು.

ಆದರೆ ಕೇಳದೆ ಮಾಡಿದ್ದೆಲ್ಲ ಧೈರ್ಯ ಅಲ್ಲ, ಅದನ್ನೂ ಹೇಳಬೇಕು. 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಸೇನೆ ಕಳಿಸುವ ನಿರ್ಧಾರವನ್ನು ಸೋವಿಯತ್ ನಾಯಕ ಬ್ರೆಜ್ನೆವ್ ಸುತ್ತಲಿನ ಕೆಲವೇ ಜನ ಮಾಡಿದರು. ಅವರದೇ ಸೇನಾ ಮುಖ್ಯಸ್ಥ ಒಗಾರ್ಕೊವ್ ಬೇಡ ಎಂದಿದ್ದರು. ಒಂಬತ್ತು ವರ್ಷ, 14,000ಕ್ಕೂ ಹೆಚ್ಚು ಸೋವಿಯತ್ ಸೈನಿಕರ ಸಾವು. ಸತ್ತ ಅಫ್ಘನ್ನರಂತೂ ಲಕ್ಷಗಟ್ಟಲೆ.

ನದಿದಂಡೆ

ಕೋಣೆಯಲ್ಲಿ ಇಲ್ಲದವರು ಬರೀ ಬೇಡ ಅನ್ನುವುದಷ್ಟೇ ಅಲ್ಲ ಮೇಡಂ. ಒಮ್ಮೊಮ್ಮೆ ಬೇಕು ಅಂತಲೂ ಹೇಳುತ್ತಾರೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು.

2019ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು. ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಸೋಣ ಎಂದು. ಪೆಸಿಫಿಕ್ ಸಾಗರದ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಅದನ್ನು ತನ್ನ ನೀತಿಯಾಗಿ ಮಾಡಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಮ್ಮತದಿಂದ ನಿರ್ಣಯ ಮಾಡಿತು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ಕೊಟ್ಟಿತು. ತರಗತಿಯಲ್ಲಿ ಹುಟ್ಟಿದ ಪ್ರಶ್ನೆ ಅದು.

ಕಡಲಾಚೆ

ಇದರ ಅಕ್ಕ 1986ರಲ್ಲಿದ್ದಾಳೆ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಅಮೆರಿಕದ ಕಾಲೇಜು ಮಕ್ಕಳು, ಚರ್ಚುಗಳು, ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಹೋರಾಡಿದರು. ಕಾಂಗ್ರೆಸ್ ನಿರ್ಬಂಧದ ಕಾನೂನು ಮಾಡಿತು. ಅಧ್ಯಕ್ಷ ರೇಗನ್ ತಡೆದರು. ಕೆಳಮನೆಯಲ್ಲಿ 313–83, ಸೆನೆಟ್‌ನಲ್ಲಿ 78–21 ಮತಗಳಿಂದ ಕಾಂಗ್ರೆಸ್ ಅವರ ತಡೆಯನ್ನು ಮೀರಿತು. ಆಗ ಸೆನೆಟ್‌ನಲ್ಲಿ ರೇಗನ್ ಪಕ್ಷದ್ದೇ ಬಹುಮತ ಇತ್ತು.

ಷರಾ

ಮೇಡಂ, ಮಕ್ಕಳಿಗೆ ಕಥೆ ಹೇಳುವುದರ ಜೊತೆಗೆ ಒಂದು ಕರಡು ಕೊಟ್ಟು ನೋಡಿ. ಸುಮ್ನೆ ಕಲ್ಪನೆಯದು. ಒಂದೇ ನದಿಯ ಮೇಲೆ ಎರಡು ದೇಶ. ನಾನು ಒಂದು ವಾಕ್ಯ ಬರೆದಿದ್ದೇನೆ:

"ಮೇಲಿನ ದೇಶವು ಬೇಸಿಗೆಯಲ್ಲಿ [ನದಿಯ ಮೂರನೇ ಒಂದು ಪಾಲು] [ಸಾಧ್ಯವಾದಷ್ಟು] ನೀರನ್ನು ಕೆಳಗಿನ ದೇಶಕ್ಕೆ [ಬಿಡತಕ್ಕದ್ದು] [ಬಿಡಲು ಪ್ರಯತ್ನಿಸುವುದು]."

ಇಬ್ಬರು ನಾಯಕರು, ಇಬ್ಬರು ಬರೆಯುವ ಅಧಿಕಾರಿಗಳು, ಒಬ್ಬರು ಖಜಾನೆ, ಒಬ್ಬರು ಸೇನೆ. ಕಂಸಗಳನ್ನು ತೆಗೆಯಲು 20 ನಿಮಿಷ ಕೊಡಿ. ರೈತರಾಗಿ ಇಬ್ಬರನ್ನು ತರಗತಿಯ ಹೊರಗೆ ಕೂರಿಸಿ. ಸಹಿ ಆದ ಮೇಲೆ ಅವರನ್ನು ಒಳಗೆ ಕರೆದು ಓದಲು ಹೇಳಿ. ಅವರು ಒಪ್ಪದಿದ್ದರೆ ಮೊದಲಿನಿಂದ ಶುರು.

ಪಾಠದಮನೆ

ಸರ್, ಇದನ್ನು ಹಾಗೇ ಬೋರ್ಡಿನ ಮೇಲೆ ಬರೆಯುತ್ತೇನೆ. ಸೋಮವಾರ ಎರಡನೇ ಪೀರಿಯಡ್ ಅದೇ ತರಗತಿ. ಹೊರಗೆ ಕೂರುವ ಇಬ್ಬರಲ್ಲಿ ಒಬ್ಬಳು ಆ ಹುಡುಗಿಯೇ ಆಗಲಿ. ಏನಾಯಿತು ಅಂತ ಸಂಜೆ ಇಲ್ಲೇ ಬರೆಯುತ್ತೇನೆ.